ಪೊರಕೆ ಯಾರ ಕೈಗೆ ಕೊಟ್ಟೆ ಅನ್ನೋ ಲೆಕ್ಕ

ಸ್ವಲ್ಪ ಉದ್ದ ಇದೆ ಗೆಳೆಯರೇ, ಪುರುಸೊತ್ತು ಮಾಡ್ಕೊಂಡು ಓದಿ. ಬೇರೆ ಯಾರನ್ನೋ ಬೈಯೋಕೆ ಬರೆದದ್ದಲ್ಲ. ಬೈಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

2023ರ ಡಿಸೆಂಬರ್ ನಿಮಗೆಲ್ಲ ನೆನಪಿರಬೇಕು. ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಬಂತು. ಬೆನ್ನ ಮೇಲೆ ಬ್ಯಾಗು ಹೊರಿಸಿ, ಕೈ ಮೇಲೆತ್ತಿಸಿ ಮಕ್ಕಳನ್ನ ಮಂಡಿ ಮೇಲೆ ಕೂರಿಸಿದ ವಿಡಿಯೋನೂ ಬಂತು. ಅಮಾನತು ಆಯ್ತು, ಬಂಧನ ಆಯ್ತು. ತಿಂಗಳು ಮುಗಿಯೋದ್ರೊಳಗೆ ನಮ್ಮ ಬೆಂಗಳೂರಿನ ಅಂದ್ರಹಳ್ಳಿ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಲಿ ಶೌಚಾಲಯ ತೊಳೆಸಿದ ಸುದ್ದಿ. ಅಲ್ಲೂ ಅಮಾನತು. ಅಂದ್ರಹಳ್ಳಿ ಏನು ದೂರದ ಊರಲ್ಲ, ಮಾಗಡಿ ರೋಡ್ ಹಿಡಿದು ಸುಂಕದಕಟ್ಟೆ ಕಡೆ ಹೋದ್ರೆ ನಮಗೆ ಪಕ್ಕದ್ದೇ.

ಆಗ ನಾನೂ ಇಲ್ಲಿ ಬರೆದೆ. ಮಕ್ಕಳ ಕೈಗೆ ಪೊರಕೆ ಕೊಡೋ ಕೈಗಳಿಗೆ ಬೇಡಿ ಬೀಳಬೇಕು ಅಂತ ಬರೆದಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಶೇರ್ ಮಾಡಿದ್ರಿ, ಕಾಮೆಂಟಿನಲ್ಲಿ ಜೈ ಭೀಮ್ ಹಾಕಿದ್ರಿ.

ಅದಾಗಿ ಆರು ವಾರಕ್ಕೆ, ನಮ್ಮ ಸಂಘದ ರೂಮಿನಲ್ಲಿ, ಬಾಬಾಸಾಹೇಬರ ಫೋಟೋ ಕೆಳಗೆ ನಿಂತು, ನಾನು ಒಬ್ಬ ಹುಡುಗನ ಕೈಗೆ ಪೊರಕೆ ಕೊಟ್ಟೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಕಾಲೋನಿ ಇರೋದು ರಾಜಾಜಿನಗರದ ಭಾಷ್ಯಂ ಸರ್ಕಲ್‌ನಿಂದ ನಡೆದು ಹೋಗೋ ದೂರದಲ್ಲಿ. ಹಗಲು ನಾನು ಒಂದು ಆಫೀಸಿನಲ್ಲಿ ಗುಮಾಸ್ತ. ಸಂಜೆ ಆರೂವರೆಯಿಂದ ಎಂಟೂವರೆವರೆಗೆ ಸಂಘದ ರೂಮಿನಲ್ಲಿ ಮಕ್ಕಳಿಗೆ ಪಾಠ. ಐದರಿಂದ ಒಂಬತ್ತನೇ ಕ್ಲಾಸಿನ 23 ಮಕ್ಕಳು, ಒಂದೇ ರೂಮು, ಒಂದೇ ಫ್ಯಾನು. ನನಗೆ ಬಿ.ಎಡ್. ಇಲ್ಲ, ತರಬೇತಿ ಇಲ್ಲ. ಬಿ.ಎ. ಓದಿದೀನಿ ಅನ್ನೋ ಧೈರ್ಯ, ಮತ್ತೆ ನಮ್ಮ ಮಕ್ಕಳಿಗೆ ನಾವಲ್ಲದೆ ಇನ್ಯಾರು ಅನ್ನೋ ಹಟ. ಅಷ್ಟೇ ಬಂಡವಾಳ.

ಆ ಹುಡುಗ ಆಗ ಆರನೇ ಕ್ಲಾಸು. ಹೆಸರು ಹೇಳಲ್ಲ. ಕೂತಲ್ಲಿ ಕೂರಲ್ಲ, ಪಕ್ಕದವನ ಪೆನ್ ಕಿತ್ಕೋತಾನೆ, ನಾನು ಬೋರ್ಡ್ ಕಡೆ ತಿರುಗಿದ್ರೆ ಬೆಕ್ಕಿನ ಥರ ಕೂಗ್ತಾನೆ. ಅವತ್ತು ಆಫೀಸಿನಲ್ಲಿ ನನಗೂ ಒಂದು ಫೈಲಿನ ವಿಷಯಕ್ಕೆ ಎಲ್ಲರ ಮುಂದೆ ಮರ್ಯಾದೆ ಹೋಗಿತ್ತು. ಬಸ್ಸಲ್ಲಿ ನಿಂತ್ಕೊಂಡೇ ಬಂದಿದ್ದೆ. ಭಿನ್ನರಾಶಿ ಹೇಳಿಕೊಡ್ತಿದ್ದೆ. ಮೂರನೇ ಸಲ ಬೆಕ್ಕು ಕೂಗಿತು. ನಾನು ಮೂಲೆಯಲ್ಲಿದ್ದ ಪೊರಕೆ ತಂದು ಅವನ ಕೈಗೆ ಕೊಟ್ಟು, "ಓದೋದು ಬೇಡ ಅಲ್ವಾ ನಿನಗೆ? ಹಿಡಿ, ರೂಮೆಲ್ಲ ಗುಡಿಸು" ಅಂದೆ.

ಮಕ್ಕಳು ನಕ್ಕರು. ಅವನು ಗುಡಿಸಿದ, ಬಹಳ ಚೆನ್ನಾಗಿ ಗುಡಿಸಿದ. ಮೂಲೆ ಬಿಡದೆ, ಚಾಪೆ ಎತ್ತಿ, ಕಸ ಒಂದು ಕಡೆ ಗುಡ್ಡೆ ಮಾಡಿ ಪೇಪರಿನಲ್ಲಿ ಎತ್ತಿ ಹಾಕಿದ. ಪೊರಕೆ ಇದ್ದ ಜಾಗಕ್ಕೇ ಇಟ್ಟು, ಚೀಲ ತಗೊಂಡು ಹೋದ. ಮಾರನೇ ದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ.

ಭಾನುವಾರ ಅವರ ಮನೆಗೆ ಹೋದೆ. ಅವನ ತಾಯಿ ಪೌರಕಾರ್ಮಿಕರು. ಬೆಳಗ್ಗೆ ಆರಕ್ಕೆ ಹಾಜರಿ, ಐದಕ್ಕೇ ಮನೆ ಬಿಡ್ತಾರೆ. ಕೂರಿಸಿ ಟೀ ಕೊಟ್ಟರು. ಆಮೇಲೆ ಮೆತ್ತಗೆ ಹೇಳಿದರು:

"ಎರಡು ಬಾರಿಸಿದ್ರೂ ನಾನು ಕೇಳ್ತಿರ್ಲಿಲ್ಲ ಸಾ. ಪೊರಕೆ ಯಾಕೆ ಕೊಟ್ರಿ? ನಾನು ರೋಡು ಗುಡಿಸೋದು ಅವನು ಗುಡಿಸಬಾರ್ದು ಅಂತ."

ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾನು ಆ ಥರ ಯೋಚನೆ ಮಾಡಿ ಕೊಡ್ಲಿಲ್ಲಮ್ಮ" ಅಂದೆ. ನಿಜ ಹೇಳ್ಬೇಕಂದ್ರೆ ಅದೇ ಸಮಸ್ಯೆ. ಯೋಚನೆ ಮಾಡದೇ ಕೊಟ್ಟಾಗ ಕೈ ತಾನಾಗಿ ಯಾರ ಕಡೆ ಹೋಯ್ತು?

ಗುಮಾಸ್ತನ ಬುದ್ಧಿ ನೋಡಿ, ಮನೆಗೆ ಬಂದು ಲೆಕ್ಕ ತೆಗೆದೆ. ತರಗತಿಯಲ್ಲಿ ನಾನೊಂದು ನೋಟ್ ಬುಕ್ ಇಟ್ಟಿದ್ದೆ. ಹಾಜರಿ ಒಂದು ಕಡೆ, ಗಲಾಟೆ ಮಾಡಿದವರ ಹೆಸರು ಇನ್ನೊಂದು ಕಡೆ. ಮೂರು ತಿಂಗಳಲ್ಲಿ 38 ಸಲ ಹೆಸರು ಬರೆದಿದ್ದೆ. ಅದರಲ್ಲಿ 27 ಸಲ ಮೂರೇ ಮಕ್ಕಳ ಹೆಸರು. ಮೂವರ ಮನೆಯಲ್ಲೂ ಒಬ್ಬರಾದರೂ ಕಸದ ಕೆಲಸ ಮಾಡೋರು. ಇನ್ನೊಂದು ಹೆಸರು ಹುಡುಕಿದೆ, ಒಂದು ಸಲಾನೂ ಸಿಗಲಿಲ್ಲ. ಅದು ನನ್ನ ಮಗಳದ್ದು. ಅದೇ ರೂಮಿನಲ್ಲಿ ಕೂರ್ತಾಳೆ. ಮಾತಾಡೋದ್ರಲ್ಲಿ ಅವಳು ಯಾರಿಗೂ ಕಡಿಮೆ ಇಲ್ಲ, ಅವರಮ್ಮನನ್ನ ಕೇಳಿ. ಅವಳು ಮಾತಾಡಿದ್ರೆ ನನಗೆ ಚುರುಕು, ಆ ಹುಡುಗ ಮಾತಾಡಿದ್ರೆ ಗಲಾಟೆ.

ಆ ರೂಮಿನಲ್ಲಿ ಎಲ್ಲರೂ ನಮ್ಮ ಜನವೇ. ಮೇಲ್ಜಾತಿಯ ಮೇಷ್ಟ್ರು ಒಬ್ಬರೂ ಇಲ್ಲ. ಆದ್ರೂ ಗುಮಾಸ್ತನ ಮಗಳು ಒಂದು ಕಡೆ, ಪೌರಕಾರ್ಮಿಕರ ಮಗ ಒಂದು ಕಡೆ. ನಮ್ಮೊಳಗಿನ ಮೇಲು ಕೀಳಿನ ಬಗ್ಗೆ ವೇದಿಕೆ ಮೇಲೆ ಮಾತಾಡೋದು ಸುಲಭ. ನೋಟ್ ಬುಕ್ ತೆಗೆದು ಎಣಿಸೋದು ಕಷ್ಟ.

ನಾನೇನು ಇದನ್ನ ಹೊಸದಾಗಿ ಕಂಡವನಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶನಿವಾರ ಶಾಲೆ ಬಿಟ್ಟ ಮೇಲೆ ಗುಡಿಸೋ ಕೆಲಸ ನನಗೂ ಇನ್ನೊಬ್ಬನಿಗೂ ಇತ್ತು. ಆ ಮೇಷ್ಟ್ರು ಹೊಡೀತಿರಲಿಲ್ಲ, ಬೈತಿರಲಿಲ್ಲ. "ನೀವಿಬ್ರು ನೀಟಾಗಿ ಮಾಡ್ತೀರ ಕಣ್ರೋ" ಅಂತ ಹೊಗಳ್ತಿದ್ರು. ಎಲ್ಲರ ಸರದಿನೂ ಬರುತ್ತೆ ಅಂತ ವರ್ಷವೆಲ್ಲ ಕಾದೆ. ಬರಲಿಲ್ಲ. ಮನೆಯಲ್ಲಿ ಹೇಳಿದ್ದಕ್ಕೆ ನಮ್ಮಪ್ಪ, "ಮೇಷ್ಟ್ರ ಮಾತು ಮೀರಬೇಡ" ಅಂದ್ರು. ಓಂಪ್ರಕಾಶ್ ವಾಲ್ಮೀಕಿಯವರ ಆತ್ಮಕಥೆ 'ಜೂಠನ್' ಓದಿದಾಗ ನನಗೆ ಅಳು ಬಂದದ್ದು ಇದೇ ಜಾಗದಲ್ಲಿ. ಹೆಡ್‌ಮಾಸ್ಟರು ಆ ಹುಡುಗನ ಕೈಲಿ ದಿನಗಟ್ಟಲೆ ಶಾಲೆಯ ಮೈದಾನ ಗುಡಿಸ್ತಾರೆ. ಆ ದಾರಿಯಲ್ಲಿ ಬಂದ ಅಪ್ಪ ಅದನ್ನ ನೋಡಿ, ಪೊರಕೆ ಕಿತ್ತೆಸೆದು ಹೆಡ್‌ಮಾಸ್ಟರನ್ನೇ ಕೇಳ್ತಾರೆ. ನಮ್ಮಪ್ಪ ಕೇಳಲಿಲ್ಲ. ಅವರ ತಪ್ಪಲ್ಲ, ಕೇಳಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಆ ಅನುಭವ ಇದ್ದೂ ನಾನು ಅದನ್ನೇ ಮಾಡಿದೆ ಅಂದ್ರೆ, ಮನಸ್ಸು ಒಳ್ಳೇದಿದ್ರೆ ಸಾಕು ಅನ್ನೋದು ಸುಳ್ಳು.

ಶಿಕ್ಷಕರ ತರಬೇತಿಗಳಲ್ಲಿ 'ತರಗತಿ ನಿರ್ವಹಣೆ' ಅಂತ ಒಂದು ವಿಷಯ ಇದೆಯಂತೆ. ಮಕ್ಕಳನ್ನ ಹೇಗೆ ಕೂರಿಸಬೇಕು, ಗಲಾಟೆ ಹೇಗೆ ತಡೀಬೇಕು, ಸಕಾರಾತ್ಮಕ ವಾತಾವರಣ ಹೇಗೆ ಕಟ್ಟಬೇಕು. ಒಳ್ಳೇದೇ. ಆದ್ರೆ ನಮ್ಮ ದೇಶದಲ್ಲಿ ತರಗತಿ ನಿರ್ವಹಣೆಗೆ ಹಳೇ ಚರಿತ್ರೆ ಇದೆ. ಬಾಲಕ ಭೀಮರಾವ್ ಗೋಣಿತಟ್ಟು ಹಾಸ್ಕೊಂಡು ಬೇರೆ ಮೂಲೆಯಲ್ಲಿ ಕೂರಬೇಕಿತ್ತು, ಆ ಗೋಣಿಯನ್ನ ದಿನಾ ಮನೆಗೆ ಹೊತ್ಕೊಂಡು ಹೋಗಿ ಮತ್ತೆ ತರಬೇಕಿತ್ತು. ಬಾಯಾರಿದ್ರೆ ನಲ್ಲಿ ತಿರುಗಿಸೋ ಹಾಗಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಆ ಶಾಲೆಯವರ ಲೆಕ್ಕದಲ್ಲಿ ಅದು ಶಾಂತವಾದ, ಶಿಸ್ತಿನ ತರಗತಿಯೇ ಆಗಿತ್ತು. ಗಲಾಟೆ ಇಲ್ಲ ಅಂದ ಮಾತ್ರಕ್ಕೆ ತರಗತಿ ಚೆನ್ನಾಗಿದೆ ಅಂತಲ್ಲ. ಅಲ್ಲಿ ಯಾರು ಬಾಯಿ ಮುಚ್ಕೊಂಡಿದಾರೆ, ಯಾಕೆ ಮುಚ್ಕೊಂಡಿದಾರೆ ಅಂತ ನೋಡಬೇಕು.

"ಅದೆಲ್ಲ ಹಳೇ ಕಾಲ, ಈಗ ಮಕ್ಕಳಿಗೆ ಜಾತಿ ಗೊತ್ತೇ ಇಲ್ಲ" ಅನ್ನೋರಿಗೆ ಒಂದು ಅಧ್ಯಯನ ಹೇಳ್ತೀನಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನೋ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಾಡಿನ ಆರು, ಏಳನೇ ಕ್ಲಾಸಿನ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕೋ ಒಗಟು ಕೊಟ್ಟರು. ಬಿಡಿಸಿದಷ್ಟಕ್ಕೆ ದುಡ್ಡು. ಯಾರ ಜಾತಿಯನ್ನೂ ಹೇಳದೇ ಇದ್ದಾಗ ಮೇಲ್ಜಾತಿ ಹುಡುಗರಿಗೂ ದಲಿತ ಹುಡುಗರಿಗೂ ವ್ಯತ್ಯಾಸ ಕಾಣಲಿಲ್ಲ. ಆರು ಜನರ ಮುಂದೆ ಪ್ರತಿಯೊಬ್ಬನ ಹೆಸರು, ಅಪ್ಪ ತಾತನ ಹೆಸರು, ಜಾತಿ ಎಲ್ಲ ಗಟ್ಟಿಯಾಗಿ ಹೇಳಿ ಆಮೇಲೆ ಒಗಟು ಕೊಟ್ಟಾಗ ದಲಿತ ಹುಡುಗರು ಬಿಡಿಸಿದ ಒಗಟುಗಳು ಸುಮಾರು ಐದನೇ ಒಂದು ಪಾಲು ಇಳಿದು ಹೋದವು. ಮಕ್ಕಳು ಅವೇ, ಬುದ್ಧಿ ಅದೇ. ಎಲ್ಲರೆದುರು ಜಾತಿ ಕೂಗಿದ್ದಷ್ಟೇ ಬದಲಾದದ್ದು. ಈಗ ಯೋಚನೆ ಮಾಡಿ, ಪೊರಕೆ ಕೊಡೋದು ಅಂದ್ರೇನು? ಬಾಯಲ್ಲಿ ಹೇಳದೆ ಜಾತಿ ಕೂಗೋದು ಅದು.

ಇದು ನಮ್ಮೊಬ್ಬರ ಕಾಯಿಲೆನೂ ಅಲ್ಲ. ಅಮೆರಿಕದ ಶಿಕ್ಷಣ ಇಲಾಖೆಯೇ 2014ರಲ್ಲಿ ಅಂಕಿ ಅಂಶ ಬಿಟ್ಟಿತು. ಕಪ್ಪು ಮಕ್ಕಳನ್ನ ಶಾಲೆಯಿಂದ ಸಸ್ಪೆಂಡ್ ಮಾಡೋ ಪ್ರಮಾಣ ಬಿಳಿ ಮಕ್ಕಳಿಗಿಂತ ಮೂರು ಪಟ್ಟು. ಶಿಶುವಿಹಾರದ ಮಕ್ಕಳನ್ನೂ ಬಿಟ್ಟಿಲ್ಲ. ಅಲ್ಲಿ ಕಪ್ಪು ಮಕ್ಕಳು ಶೇ 18, ಒಂದಕ್ಕಿಂತ ಹೆಚ್ಚು ಸಲ ಸಸ್ಪೆಂಡ್ ಆದವರಲ್ಲಿ ಅವರು ಶೇ 48. ಮೂರು ನಾಲ್ಕು ವರ್ಷದ ಮಗು ಎಂಥ ಅಪರಾಧ ಮಾಡಿರುತ್ತೆ ಹೇಳಿ? ಅಲ್ಲಿನವರು ಕನಿಷ್ಠ ಎಣಿಸಿದ್ರು. ನಮ್ಮ ಶಾಲೆಗಳಲ್ಲಿ ಯಾರ ಮಕ್ಕಳಿಗೆ ಎಷ್ಟು ಸಲ ಶಿಕ್ಷೆ ಆಯ್ತು ಅನ್ನೋ ರಿಜಿಸ್ಟರ್ ಎಲ್ಲಿದೆ?

ಇಲ್ಲಿ ನಮ್ಮ ಏರಿಯಾದ ಹೆಸರಿನ ಬಗ್ಗೆನೂ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ನಮ್ಮದು ರಾಜಾಜಿನಗರ, ಸಿ. ರಾಜಗೋಪಾಲಾಚಾರಿಯವರ ಹೆಸರಿನ ಬಡಾವಣೆ. ಅದೇ ರಾಜಾಜಿಯವರು ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಹಳ್ಳಿ ಶಾಲೆಗಳಿಗೆ ಒಂದು ಯೋಜನೆ ತಂದರು. ಮಕ್ಕಳಿಗೆ ದಿನಕ್ಕೆ ಒಂದೇ ಪಾಳಿ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಅಂತ. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದನ್ನ 'ಕುಲಕಲ್ವಿ' ಅಂತ ಕರೆದು ಬೀದಿಗಿಳಿದರು. ಕುಲದ ವಿದ್ಯೆ ಅಂತ ಅರ್ಥ. 1954ರಲ್ಲಿ ರಾಜಾಜಿ ಅಧಿಕಾರದಿಂದ ಇಳಿದರು, ಕಾಮರಾಜರು ಬಂದರು, ಯೋಜನೆ ಹೋಯ್ತು. ಸರ್ಕಾರದ ಯೋಜನೆ ಆಗಿದ್ದಕ್ಕೆ ಅದನ್ನ ವಿರೋಧಿಸಿ ವಾಪಸ್ ತೆಗೆಸೋಕೆ ಆಯ್ತು. ಚಪ್ಪಲಿ ಹೊಲಿಯೋರ ಮಗ, ಕಸ ಗುಡಿಸೋರ ಮಗಳು ಅಂತ ನೋಡಿ ಕೆಲಸ ಹಚ್ಚೋ ಕುಲಕಲ್ವಿ ಯಾವ ಆದೇಶದಲ್ಲೂ ಇಲ್ಲ. ಅದನ್ನ ಯಾರು ವಾಪಸ್ ತೆಗೀಬೇಕು? ಅದು ನನ್ನ ರೂಮಿನಲ್ಲೇ ನಡೀತಿತ್ತಲ್ಲ.

ಈಗ ಕಾಮೆಂಟಿನಲ್ಲಿ ಬರೋ ಎರಡು ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡ್ತೀನಿ.

ಮೊದಲನೇದು: "ಜಪಾನಿನಲ್ಲಿ ಮಕ್ಕಳೇ ಶಾಲೆ ಗುಡಿಸ್ತಾರೆ, ನೀವು ಎಲ್ಲದಕ್ಕೂ ಜಾತಿ ತರ್ತೀರ." ಹೌದು ಸ್ವಾಮಿ, ಗುಡಿಸ್ತಾರೆ. ಎಲ್ಲರೂ ಗುಡಿಸ್ತಾರೆ, ದಿನಚರಿಯ ಭಾಗವಾಗಿ, ಗುಂಪು ಮಾಡ್ಕೊಂಡು ಸರದಿ ಮೇಲೆ. ಗಲಾಟೆ ಮಾಡಿದವನಿಗೆ ಶಿಕ್ಷೆಯಾಗಿ ಅಲ್ಲ. ನಿಮ್ಮ ಮಕ್ಕಳು ಓದೋ ಶಾಲೆಯಲ್ಲಿ ನಿಮ್ಮ ಮಗನೂ ಸರದಿಯಲ್ಲಿ ಶೌಚಾಲಯ ತೊಳೀತಾನಾ ಹೇಳಿ, ಆಮೇಲೆ ಜಪಾನಿನ ಮಾತಾಡೋಣ. ಕಸ ಗುಡಿಸೋದು ಕೀಳು ಅಂತ ನಾನು ಹೇಳ್ತಿಲ್ಲ. ಆ ತಾಯಿ ಗುಡಿಸದಿದ್ರೆ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಎರಡು ದಿನ ನಡೆಯೋಕಾಗಲ್ಲ. ಆ ಕೆಲಸವನ್ನ ಶಿಕ್ಷೆಯಾಗಿ ಕೊಟ್ಟವನು ನಾನು. ಕೊಟ್ಟ ಕೂಡಲೇ ಅದು ಕೀಳು ಅಂತ 23 ಮಕ್ಕಳಿಗೆ ಪಾಠ ಮಾಡಿದ ಹಾಗಾಯ್ತು, ಅವನಿಗೆ ಅವನ ತಾಯಿಯ ಕೆಲಸವೇ ಶಿಕ್ಷೆ ಅಂತ ಹೇಳಿದ ಹಾಗಾಯ್ತು.

ಎರಡನೇದು: "ಹಾಗಾದ್ರೆ ಶಿಸ್ತು ಬೇಡ್ವಾ? ಹೊಡೀಬೇಡಿ, ಬೈಬೇಡಿ, ಪೊರಕೆ ಕೊಡಬೇಡಿ ಅಂದ್ರೆ ಮಕ್ಕಳು ತಲೆ ಮೇಲೆ ಕೂರ್ತಾರೆ." ಈ ಮಾತು ಮೇಲ್ಜಾತಿಯವರಿಗಿಂತ ನಮ್ಮ ಕೇರಿಯಲ್ಲೇ ಜಾಸ್ತಿ ಕೇಳ್ತೀನಿ. ಶಾಲೆಗೆ ಸೇರಿಸುವಾಗ, "ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಬಾರಿಸಿ ಮೇಷ್ಟ್ರೇ" ಅಂತ ಹೇಳಿ ಬರೋರು ನಾವೇ. ಯಾಕೆ ಅಂದ್ರೆ ನಮ್ಮ ಮಕ್ಕಳಿಗೆ ಓದು ಬಿಟ್ರೆ ಬೇರೆ ದಾರಿ ಇಲ್ಲ, ಏಟು ತಿಂದಾದ್ರೂ ಕಲೀಲಿ ಅನ್ನೋ ಭಯ. ಆ ಭಯ ನನಗೆ ಅರ್ಥ ಆಗುತ್ತೆ. ಆದ್ರೆ ಏಟಿನಿಂದ ಓದು ಬಂದಿದ್ರೆ ನಮ್ಮ ಕೇರಿ ಇಷ್ಟೊತ್ತಿಗೆ ಐಎಎಸ್‌ಗಳಿಂದ ತುಂಬಿರಬೇಕಿತ್ತು, ಅಷ್ಟು ತಿಂದಿದೀವಿ. ಏಟು ತಿಂದವರು ಕಲಿತದ್ದಕ್ಕಿಂತ ಶಾಲೆ ಬಿಟ್ಟದ್ದೇ ಹೆಚ್ಚು. ನನ್ನ ಜೊತೆ ಶನಿವಾರ ಗುಡಿಸ್ತಿದ್ದವನು ಏಳನೇ ಕ್ಲಾಸಿಗೆ ಬಿಟ್ಟ.

ಶಿಸ್ತು ಬೇಕು. ನನ್ನ ರೂಮಿನಲ್ಲೂ ಬೇಕಿತ್ತು. ಅದಕ್ಕೆ ಏನು ಮಾಡಿದ್ವಿ ಹೇಳ್ತೀನಿ. ದೊಡ್ಡ ಪ್ರಯೋಗ ಏನಲ್ಲ.

ಮೊದಲು ಕ್ಷಮೆ ಕೇಳಿದೆ. ಅವರ ಮನೆಯಲ್ಲಿ ಕೇಳಿದ್ದು ಸಾಲಲ್ಲ ಅಂತ ಅನ್ನಿಸ್ತು. ಪೊರಕೆ ಕೊಟ್ಟಿದ್ದು ಎಲ್ಲರ ಮುಂದೆ, ಹಾಗಾಗಿ ಕ್ಷಮೆನೂ ಎಲ್ಲರ ಮುಂದೆ. ಎರಡನೇ ವಾರ ಅವನು ವಾಪಸ್ ಬಂದ ದಿನ ಬಾಗಿಲಲ್ಲೇ ನಿಂತಿದ್ದ. "ಅವತ್ತು ನಾನು ಮಾಡಿದ್ದು ತಪ್ಪು" ಅಂತ ಹೇಳಿದೆ. ಮಕ್ಕಳಿಗೆ ಅದು ವಿಚಿತ್ರ ಅನ್ನಿಸಿರಬೇಕು, ಯಾರೂ ನಗಲಿಲ್ಲ.

ಹೆಸರು ಬರೆಯೋ ಪುಟ ಹರಿದು ಹಾಕಿದೆ. ಬೋರ್ಡಿನ ಮೂಲೆಯಲ್ಲಿ ಗಲಾಟೆಯವರ ಹೆಸರು ಬರೆಯೋ 'ಲೀಡರ್' ಕೆಲಸಾನೂ ತೆಗೆದ್ವಿ. ಅದೊಂದು ಪುಟ್ಟ ಪೊಲೀಸ್ ಠಾಣೆ, ಹತ್ತು ವರ್ಷದ ಮಗುವಿಗೆ ಮಾಮೂಲಿ ವಸೂಲಿ ಕಲಿಸುತ್ತೆ. ಪೆನ್ಸಿಲ್ ಕೊಟ್ರೆ ಹೆಸರು ಬರೆಯಲ್ಲ, ನೀವೂ ನೋಡಿರ್ತೀರ.

ನಿಯಮ ಮಕ್ಕಳೇ ಮಾಡಲಿ ಅಂದೆ. ಒಂದು ಸಂಜೆ ಪೂರ್ತಿ ಹೋಯ್ತು. 19 ನಿಯಮ ಬಂತು, ಜಗಳ ಮಾಡಿ ಐದಕ್ಕೆ ಇಳಿಸಿದ್ರು. ಅದರಲ್ಲೊಂದು ನನಗೆ: "ಅಣ್ಣ ಆಫೀಸ್ ಕೋಪ ಇಲ್ಲಿ ತರಬಾರದು." ಇದನ್ನ ಹೇಳಿದ್ದು ನನ್ನ ಮಗಳು.

ಗುಡಿಸೋದು ಸರದಿ. ಹಾಜರಿ ನಂಬರ್ ಪ್ರಕಾರ ಇಬ್ಬಿಬ್ಬರು, ಹುಡುಗ ಹುಡುಗಿ ಅನ್ನೋ ಭೇದ ಇಲ್ಲ. ಮೊದಲ ನಂಬರ್ ನನ್ನದು. ಶಿಕ್ಷೆಯಾಗಿ ಯಾರೂ ಪೊರಕೆ ಮುಟ್ಟೋ ಹಾಗಿಲ್ಲ.

ಹೊಟ್ಟೆ. ಇದನ್ನ ಮೊದಲೇ ಯೋಚನೆ ಮಾಡಬೇಕಿತ್ತು. ಆ ಹುಡುಗ ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟ ತಿಂದವನು ನನ್ನ ಹತ್ತಿರ ಬರೋವಷ್ಟರಲ್ಲಿ ಐದು ಗಂಟೆ ಆಗಿರುತ್ತೆ. ತಾಯಿ ಐದಕ್ಕೆ ಮನೆ ಬಿಡೋದ್ರಿಂದ ತಂಗಿಯನ್ನ ಎಬ್ಬಿಸಿ ರೆಡಿ ಮಾಡಿ ಶಾಲೆಗೆ ಬಿಡೋದು ಅವನೇ. ಹಸಿದ, ನಿದ್ದೆಗೆಟ್ಟ ಹುಡುಗ ಭಿನ್ನರಾಶಿಗೆ ಬೆಕ್ಕಿನ ಥರ ಕೂಗದೆ ಇನ್ನೇನು ಮಾಡ್ತಾನೆ? ಈಗ ಸಂಘದವರು ತಿಂಗಳಿಗೆ ಇಷ್ಟು ಅಂತ ಹಾಕಿ, ಪಾಠಕ್ಕೆ ಮೊದಲು ಕಡಲೆಕಾಯಿ, ಬಾಳೆಹಣ್ಣು ಕೊಡ್ತೀವಿ. ಅರ್ಧ ಗಲಾಟೆ ಅಲ್ಲೇ ಇಳೀತು. ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ.

ಉಳಿದ ಅರ್ಧಕ್ಕೆ, ಎಲ್ಲರ ಮುಂದೆ "ಯಾಕೋ ಹಿಂಗ್ ಮಾಡ್ತೀಯ" ಅನ್ನೋದು ಬಿಟ್ಟು, ಹೊರಗೆ ಜಗಲಿ ಮೇಲೆ ಕೂರಿಸ್ಕೊಂಡು "ಏನಾಯ್ತು" ಅಂತ ಕೇಳೋದು ಕಲೀತಿದೀನಿ. ಅವನಿಗೆ ಗಡಿಯಾರದ ಜವಾಬ್ದಾರಿ ಕೊಟ್ವಿ, ಯಾವ ಪಾಠ ಎಷ್ಟು ಹೊತ್ತು ಅಂತ ಅವನೇ ಹೇಳಬೇಕು. ಬೆಳಗ್ಗೆ ಅಲಾರಂ ಇಟ್ಟು ಮನೆ ನಡೆಸೋ ಹುಡುಗನಿಗೆ ಗಡಿಯಾರ ಚೆನ್ನಾಗಿ ಗೊತ್ತು. ಈಗಲೂ ಕೂಗ್ತಾನೆ, ಇಲ್ಲ ಅನ್ನಲ್ಲ. ಮೊನ್ನೆ ನಾಯಿ ಥರ ಕೂಗಿದ. ನನಗೂ ಇನ್ನೂ ಕೋಪ ಬರುತ್ತೆ. ಕೋಪ ಬಂದಾಗ ಕೈ ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೋತೀನಿ, ಅಷ್ಟೇ ವ್ಯತ್ಯಾಸ.

ನಮ್ಮದು 23 ಮಕ್ಕಳ ರೂಮು. ಸರ್ಕಾರಿ ಶಾಲೆಯ ಶಿಕ್ಷಕರ ಕಷ್ಟ ಇದರ ಹತ್ತರಷ್ಟು ಅಂತ ನನಗೆ ಗೊತ್ತು. ಒಬ್ಬರೇ ಎರಡು ಮೂರು ಕ್ಲಾಸ್ ನೋಡ್ಬೇಕು, ಬಿಸಿಯೂಟದ ಲೆಕ್ಕ ಬರೀಬೇಕು, ಚುನಾವಣೆ ಕೆಲಸ, ಸಮೀಕ್ಷೆ ಕೆಲಸ. ಎಷ್ಟೋ ಶಾಲೆಯಲ್ಲಿ ಶೌಚಾಲಯ ಕಟ್ಟಿಸಿದಾರೆ, ತೊಳೆಯೋಕೆ ಸಂಬಳದ ಜನ ಇಲ್ಲ. ಆ ಜಾಗ ತುಂಬೋಕೆ ಯಾರ ಮಕ್ಕಳು ಹೋಗ್ತಾರೆ ಅಂತ ಕೇಳೋದೇ ಬೇಡ. ಹಾಗಾಗಿ ವಿಡಿಯೋ ಬಂದಾಗ ಒಬ್ಬ ಹೆಡ್‌ಮಿಸ್ಟ್ರೆಸ್ಸನ್ನ ಅಮಾನತು ಮಾಡಿ ಸರ್ಕಾರ ಕೈ ತೊಳ್ಕೊಳ್ಳೋದನ್ನ ನಾವು ಗೆಲುವು ಅಂತ ಅಂದ್ಕೋಬಾರದು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ. ಜೊತೆಗೆ, ಶಾಲೆ ತೊಳೆಯೋ ಕೆಲಸಕ್ಕೆ ಯಂತ್ರ, ಕೈಗವಸು, ಸರಿಯಾದ ಸಂಬಳ ಇರೋ ಹುದ್ದೆ ಎಲ್ಲಿ ಅಂತಾನೂ ಕೇಳಬೇಕು. ಆ ಹುದ್ದೆಗೆ ಮತ್ತೆ ನಮ್ಮ ಜನವೇ ಬರಬೇಕು ಅನ್ನೋ ಅಲಿಖಿತ ಮೀಸಲಾತಿ ಯಾಕೆ ಅಂತಾನೂ.

ಕಾನೂನಿಗೆ ಕೊರತೆ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009, ಸೆಕ್ಷನ್ 17: ಮಗುವಿಗೆ ದೈಹಿಕ ಶಿಕ್ಷೆಯನ್ನೂ ಕೊಡಬಾರದು, ಮಾನಸಿಕ ಹಿಂಸೆಯನ್ನೂ ಕೊಡಬಾರದು. ಕೊಟ್ರೆ ಸೇವಾ ನಿಯಮದಡಿ ಶಿಸ್ತುಕ್ರಮ. ಸೆಕ್ಷನ್ 8: ದುರ್ಬಲ ವರ್ಗದ ಮಗುವಿಗೆ ಶಾಲೆಯಲ್ಲಿ ತಾರತಮ್ಯ ಆಗದ ಹಾಗೆ ನೋಡ್ಕೊಳ್ಳೋದು ಸರ್ಕಾರದ ಹೊಣೆ. ಸೆಕ್ಷನ್ 29: ಕಲಿಕೆ ಅಂದ್ರೆ ಮಗುವನ್ನ ಭಯದಿಂದ, ಆತಂಕದಿಂದ ಬಿಡಿಸೋ ಹಾಗಿರಬೇಕು. ಸೆಕ್ಷನ್ 21: ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಂದಿರು ಇರಬೇಕು, ಅರ್ಧ ಮಹಿಳೆಯರು, ಹಿಂದುಳಿದ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ. ನಮ್ಮ ರಾಜ್ಯದಲ್ಲಿ ಅದೇ ಎಸ್‌ಡಿಎಂಸಿ.

ಈಗ ಸಂಘಟನೆಯ ಗೆಳೆಯರಿಗೆ ನೇರವಾಗಿ ಕೇಳ್ತೀನಿ. ನಮ್ಮಲ್ಲಿ ಎಷ್ಟು ಜನ ಎಸ್‌ಡಿಎಂಸಿ ಸಭೆಗೆ ಹೋಗಿದೀವಿ? ಫ್ರೀಡಂ ಪಾರ್ಕಿಗೆ ಹೋಗಿದೀವಿ, ಡಿಸಿ ಆಫೀಸಿಗೆ ಹೋಗಿದೀವಿ. ಮಗು ಗುಂಡಿಗೆ ಇಳಿದ ಮೇಲೆ ಬ್ಯಾನರ್ ಹಿಡ್ಕೊಂಡು ಓಡ್ತೀವಿ. ಗುಂಡಿಗೆ ಇಳಿಯೋ ಮೊದಲು ಎಷ್ಟು ವರ್ಷ ಆ ಮಕ್ಕಳ ಕೈಯಲ್ಲಿ ಪೊರಕೆ ಇತ್ತೋ, ಅದು ನಮಗೆ ಸುದ್ದಿಯೇ ಆಗಲಿಲ್ಲ. ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್‌ಗಳು ನಮಗೆ ಬಾಯಿಪಾಠ. ನಮ್ಮದೇ ಬೀದಿಯ ಶಾಲೆಯಲ್ಲಿ ಶನಿವಾರ ಯಾರು ಗುಡಿಸ್ತಾರೆ ಅಂದ್ರೆ ಗೊತ್ತಿಲ್ಲ.

ನಮ್ಮ ಸಿದ್ದಲಿಂಗಯ್ಯನವರನ್ನ ನೆನೆಸ್ಕೊಳ್ಳಿ. ಇಲ್ಲೇ ಪಕ್ಕದ ಶ್ರೀರಾಮಪುರದ ಕೊಳೆಗೇರಿ, ಮಾಗಡಿ ರೋಡಿನ ಗೋಪಾಲಪುರದ ಹಾಸ್ಟೆಲ್ಲು. ಅಲ್ಲಿಂದ ಬಂದ ಹುಡುಗ ಕವಿಯಾದ, ಪ್ರಾಧ್ಯಾಪಕನಾದ, ವಿಧಾನ ಪರಿಷತ್ತಿಗೆ ಹೋದ. ಅಂಥ ಹುಡುಗರಿಗೆ ಕೂತು ಓದೋಕೆ ಒಂದು ಜಾಗ, ಎರಡು ಹೊತ್ತು ಊಟ, ಎದ್ದು ನಿಂತು ಮಾತಾಡೋಕೆ ಒಂದು ಅವಕಾಶ ಸಿಕ್ಕಿದ್ರೆ ಏನಾಗುತ್ತೆ ಅಂತ ನಾವು ಕಣ್ಣಾರೆ ಕಂಡಿದೀವಿ. ಜೋರಾಗಿ ಮಾತಾಡೋ ಹುಡುಗನ ಬಾಯಿ ಮುಚ್ಚಿಸೋದೇ ಶಿಸ್ತು ಅಂದ್ಕೊಂಡ್ರೆ, ಮುಂದೆ ನಮ್ಮ ಪರವಾಗಿ ಮಾತಾಡೋ ಬಾಯಿ ಎಲ್ಲಿಂದ ತರ್ತೀರಿ?

ಮತ್ತೆ ಜೂನ್ ಬಂತು, ಶಾಲೆ ಶುರುವಾಗಿದೆ. ಅದಕ್ಕೇ ಈಗ ಬರೀತಿರೋದು. ನಿಮ್ಮ ನಿಮ್ಮ ಏರಿಯಾದ ಶಾಲೆಗೆ ಒಂದು ಸಲ ಹೋಗಿ. ಜಗಳಕ್ಕಲ್ಲ, ನಮಸ್ಕಾರ ಹೇಳಿ ಒಳಗೆ ಹೋಗಿ. ಇಷ್ಟು ನೋಡಿ:

1. ಗುಡಿಸೋ, ನೀರು ತರೋ ಕೆಲಸಕ್ಕೆ ಸರದಿ ಪಟ್ಟಿ ಇದೆಯಾ? ಅದರಲ್ಲಿ ಎಲ್ಲ ಮಕ್ಕಳ ಹೆಸರೂ ಇದೆಯಾ? ಶೌಚಾಲಯ ತೊಳೆಯೋಕೆ ದೊಡ್ಡವರು, ಸಂಬಳದವರು ಇದಾರಾ?

2. ಹಿಂದಿನ ಬೆಂಚಿನಲ್ಲಿ ಕೂತವರು ಯಾರ ಮಕ್ಕಳು? ವಾರಕ್ಕೊಮ್ಮೆ ಜಾಗ ಬದಲಾಗುತ್ತಾ?

3. ಮಕ್ಕಳನ್ನ ಹೆಸರು ಹಿಡಿದು ಕರೀತಾರಾ, ಇಲ್ಲ ಕೇರಿ ಹೆಸರು, ಅಪ್ಪನ ಕಸುಬು ಹಿಡಿದು ಕರೀತಾರಾ? ವಿದ್ಯಾರ್ಥಿವೇತನದ ಪಟ್ಟಿ ಓದುವಾಗ "ಎಸ್‌ಸಿ ಮಕ್ಕಳು ಎದ್ದು ನಿಲ್ಲಿ" ಅಂತಾರಾ? ಆ ಉತ್ತರ ಪ್ರದೇಶದ ಒಗಟಿನ ಕತೆ ನೆನಪಿಟ್ಕೊಳ್ಳಿ.

4. ಎಸ್‌ಡಿಎಂಸಿಯಲ್ಲಿ ನಮ್ಮ ತಾಯಂದಿರು ಇದಾರಾ? ಸಭೆ ಅವರು ಕೆಲಸದಲ್ಲಿರೋ ಹೊತ್ತಿಗೆ ಇಟ್ಟಿದಾರಾ? ಹಾಗಿದ್ರೆ ಸಮಯ ಬದಲಾಯಿಸೋಕೆ ಹೇಳಿ.

5. ಕೊನೇದು, ನಿಮ್ಮ ಮನೆ. ನಿಮ್ಮ ಕೈ ಯಾರ ಮೇಲೆ, ಯಾವಾಗ ಏಳುತ್ತೆ ಅಂತ ಒಂದು ತಿಂಗಳು ಬರೆದಿಡಿ.

ಮಗುವಿನ ಮೇಲೆ ಹಿಂಸೆ ಕಂಡ್ರೆ 1098ಕ್ಕೆ ಫೋನ್ ಮಾಡಿ. ಚೆನ್ನಾಗಿ ನಡೆಸೋ ಮೇಷ್ಟ್ರು, ಮಿಸ್ಸು ಕಂಡ್ರೆ ಅದನ್ನೂ ಇಲ್ಲಿ ಬರೀರಿ. ಅಂಥವರು ಎಲ್ಲ ಶಾಲೆಯಲ್ಲೂ ಒಬ್ಬರಾದ್ರೂ ಇರ್ತಾರೆ, ಅವರ ಬೆನ್ನಿಗೆ ನಾವು ನಿಲ್ಲದೆ ಇರೋದೂ ನಮ್ಮ ತಪ್ಪೇ.

ಈ ಪೋಸ್ಟ್ ಹಾಕೋ ಮೊದಲು ಆ ತಾಯಿಗೆ ಓದಿ ಹೇಳಿದೆ. ಹೆಸರು ಬೇಡ ಅಂದ್ರು, ಉಳಿದದ್ದೆಲ್ಲ ಇರಲಿ ಅಂದ್ರು. "ಬರೀ ಫೇಸ್‌ಬುಕ್ಕಲ್ಲಿ ಬರೆದ್ರೆ ಆಯ್ತಾ ಸಾ?" ಅಂತಾನೂ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಅವರೂ ನಾನೂ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗ್ತಿದೀವಿ.

ಈ ಶನಿವಾರ ಗುಡಿಸೋ ಸರದಿ ನನ್ನದು. ಪಾಠ ಹೇಳಿಕೊಡೋ ಮನಸ್ಸಿರೋರು ಆರು ಗಂಟೆಗೆ ಬನ್ನಿ, ರೂಮಿನಲ್ಲಿ ಪೊರಕೆ ಎರಡಿದೆ.

ಜೈ ಭೀಮ್.